ಬೊಲೆರೊ ತಗಡಿಗೆ ನೀಟಾಗಿ ತೂತು ಕೊರೆಯೋದು ಹೇಗೆ? ಮಾಡಿ ನೋಡಿದವರು ಹೇಳಿ

ಪ್ರಶ್ನೆ, ಮೂಡಿಗೆರೆ ಕಡೆಯಿಂದ

ನಮ್ಮದು 2012ರ ಬೊಲೆರೊ. ತೋಟದ ಕೆಲಸಕ್ಕೂ ಅದೇ, ಮದುವೆ ಮನೆಗೂ ಅದೇ. ಮಳೆ ಹಿಡಿಯುವ ಮೊದಲು ಎರಡು ಕೆಲಸ ಮುಗಿಸಬೇಕು. ಒಂದು, ಫಾಗ್ ಲ್ಯಾಂಪ್. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಮಂಜು ಕವಿದರೆ ಬಾನೆಟ್ ತುದಿಯೂ ಕಾಣುವುದಿಲ್ಲ. ಅದರ ವೈರನ್ನು ಇಂಜಿನ್ ಕಡೆಯಿಂದ ಒಳಗೆ ತರಲು ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಫೈರ್‌ವಾಲ್ ತಗಡಿಗೆ 20 ಮಿ.ಮೀ. ತೂತು ಬೇಕು. ಎರಡು, ಸ್ನಾರ್ಕೆಲ್, ಅಂದರೆ ನೀರಿಗೆ ಇಳಿದರೂ ಇಂಜಿನ್ ಮೇಲಿನಿಂದ ಗಾಳಿ ಎಳೆಯುವ ಹಾಗೆ ಎತ್ತರಕ್ಕೆ ಏರಿಸುವ ಕೊಳವೆ. ತೋಟದ ದಾರಿಯಲ್ಲಿ ಒಂದು ಹಳ್ಳ ಇದೆ, ಆರಿದ್ರ ಮಳೆಗೆ ಉಕ್ಕುತ್ತದೆ. ಅದಕ್ಕೆ ಮಡ್‌ಗಾರ್ಡಿಗೆ 76 ಮಿ.ಮೀ., ಅಂದರೆ ಮೂರು ಇಂಚಿನ ತೂತು.

ಪರಿಚಯದ ಗ್ಯಾರೇಜಿನ ಹುಡುಗ "ಎರಡು ನಿಮಿಷದ ಕೆಲಸ ಅಣ್ಣ" ಅಂತ ಉಳಿ, ಸುತ್ತಿಗೆ ಎತ್ತಿಕೊಂಡ. ನಾನು ಗಾಡಿ ಸ್ಟಾರ್ಟ್ ಮಾಡಿಕೊಂಡು ಬಂದುಬಿಟ್ಟೆ. ನನ್ನ ಹತ್ತಿರ ಗೋಡೆಗೆ ಮೊಳೆ ಹೊಡೆಯಲು ತಂದ ಮಾಮೂಲಿ ಡ್ರಿಲ್ ಮಿಷನ್ ಇದೆ. ತೂತು ಗುಂಡಗೆ ಬರಬೇಕು, ಬಣ್ಣ ಏಳಬಾರದು, ಮುಂದಿನ ವರ್ಷ ತುಕ್ಕು ಹಿಡಿಯಬಾರದು. ಏನೇನು ಬೇಕು, ಎಲ್ಲಿ ಎಡವುತ್ತೇವೆ?

ಆಲೂರಿನವರು

20 ಮಿ.ಮೀ.ಗೆ ಸ್ಟೆಪ್ ಬಿಟ್ ತಗೊಳ್ಳಿ. ಬುಗುರಿ ತಲೆಕೆಳಗಾದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇರುತ್ತದಲ್ಲ, ಅದು. 4ರಿಂದ 20 ಮಿ.ಮೀ.ವರೆಗಿನದು ಸಾಮಾನ್ಯವಾಗಿ ಸಿಗುತ್ತದೆ. ಮಾಮೂಲಿ ಬಿಟ್ಟಿನಲ್ಲಿ ತೆಳು ತಗಡಿಗೆ ದೊಡ್ಡ ತೂತು ಹಾಕಲು ಹೋಗಬೇಡಿ, ಮೂರು ಮೂಲೆ ಆಗುತ್ತದೆ. ನಾನು ಟ್ರ್ಯಾಕ್ಟರ್ ಬಾನೆಟ್ಟಿಗೆ ಹಾಗೆ ಮಾಡಿದ ತೂತು ಸಮೋಸದ ಹಾಗೆ ಇದೆ.

ಪ್ರಶ್ನೆ ಕೇಳಿದವರು

ಸಮೋಸ ಯಾಕೆ ಆಗುತ್ತದೆ ಸರ್? ಬಿಟ್ ಗುಂಡಗೇ ಇರುತ್ತಲ್ವಾ?

ಸಕಲೇಶಪುರದ ತೋಟದವರು

ನಾನು ಹೇಳುತ್ತೇನೆ. ಹಳೇ ಜೀಪಿಗೆ ಸ್ನಾರ್ಕೆಲ್ ನಾನೇ ಕೂರಿಸಿದವನು. ಮಣಿಕಟ್ಟು ಉಳುಕಿಸಿಕೊಂಡು ಒಂದು ಮಡ್‌ಗಾರ್ಡ್ ಹಾಳು ಮಾಡಿ ಕಲಿತದ್ದು, ಸ್ವಲ್ಪ ಉದ್ದ ಆಗುತ್ತದೆ.

ಬಾಡಿ ತಗಡು ಒಂದು ಮಿ.ಮೀ. ಆಸುಪಾಸು ಅಷ್ಟೇ. ದಪ್ಪ ಬಿಟ್ಟಿನ ಮೂತಿ ಆ ಕಡೆ ಹೊರಗೆ ಹೋದ ಮೇಲೂ ಅದರ ಪೂರ್ತಿ ಅಗಲ ಇನ್ನೂ ತಗಡಿಗೆ ಸಿಕ್ಕಿರುವುದಿಲ್ಲ. ಆಗ ಬಿಟ್ಟನ್ನು ಹಿಡಿದು ನಿಲ್ಲಿಸುವವರು ಯಾರೂ ಇಲ್ಲ. ಎರಡು ಅಲಗು ಅತ್ತ ಇತ್ತ ಓಲಾಡಿಕೊಂಡು ಕೊರೆಯುತ್ತವೆ, ಮೂಲೆ ಬೀಳುತ್ತದೆ. ಕೊನೇ ಗಳಿಗೆಯಲ್ಲಿ ಅಂಚು ಬಿಟ್ಟಿನ ಸುರುಳಿಗೆ ಸಿಕ್ಕಿ ತಗಡೇ ಮೇಲೆ ಏರಿ ಬರುತ್ತದೆ. ಸ್ಟೆಪ್ ಬಿಟ್ಟಿನಲ್ಲಿ ಒಂದು ಮೆಟ್ಟಿಲು ಕೊರೆದ ತೂತೇ ಮುಂದಿನ ಮೆಟ್ಟಿಲಿಗೆ ದಾರಿ ತೋರಿಸುತ್ತದೆ. ಅದಕ್ಕೇ ಗುಂಡಗೆ ಬರುವುದು. ಬೇಕಾದ ಮೆಟ್ಟಿಲಿಗೆ ಬಣ್ಣದ ಟೇಪ್ ಸುತ್ತಿಡಿ. ಕೈ ಭಾರ ಬಿಟ್ಟರೆ ಕಣ್ಣು ಮಿಟುಕಿಸುವುದರಲ್ಲಿ ಒಂದು ಸೈಜು ಜಾಸ್ತಿ ಆಗಿರುತ್ತದೆ.

ಇನ್ನು ಮೂರು ಇಂಚಿನದು. ಇದಕ್ಕೆ ಹೋಲ್ ಸಾ ಬೇಕು, ಅಂಚಿನ ಸುತ್ತ ಹಲ್ಲಿರುವ ಬಟ್ಟಲಿನಂಥ ಗರಗಸ. ನನ್ನ ಮೊದಲ ತಪ್ಪು ಮರದ ಹೋಲ್ ಸಾ ತಂದದ್ದು. ಡಬ್ಬಿಯಲ್ಲಿ ಬಳೆಗಳ ಹಾಗೆ ಒಂದರೊಳಗೊಂದು ಕೂತಿರುವ ಅಗ್ಗದ ಸೆಟ್. ಒಂದೇ ನಿಮಿಷಕ್ಕೆ ಹಲ್ಲು ಬೋಳಾಯಿತು. ಬೈ-ಮೆಟಲ್ ಅಂತ ಬರೆದಿರುವುದನ್ನೇ ಕೇಳಿ ತನ್ನಿ.

ಎರಡನೇ ತಪ್ಪು ವೇಗ. ಮೆತ್ತನೆ ಉಕ್ಕು ಕೊಯ್ಯುವಾಗ ಹಲ್ಲು ನಿಮಿಷಕ್ಕೆ ಸುಮಾರು 25 ಮೀಟರ್ ಓಡಿದರೆ ಸಾಕು. 20 ಮಿ.ಮೀ. ತೂತಿಗೆ ಲೆಕ್ಕ ಹಾಕಿದರೆ ನಿಮಿಷಕ್ಕೆ 400 ಸುತ್ತು. 76 ಮಿ.ಮೀ.ಗೆ ನೂರೇ ಸುತ್ತು! ಗೋಡೆ ಕೊರೆಯುವ ಮಿಷನ್ನುಗಳು ಹೆಚ್ಚಿನವು ಎರಡು ಸಾವಿರ ದಾಟುತ್ತವೆ. ಟ್ರಿಗರ್ ಎಷ್ಟು ಮೆತ್ತಗೆ ಒತ್ತಿದರೂ ಅವು ನೂರು ಸುತ್ತಿನಲ್ಲಿ ಬಲವಾಗಿ ತಿರುಗುವುದಿಲ್ಲ. ಹಲ್ಲು ಕಾದು ನೀಲಿಗಟ್ಟಿತು ಅಂದರೆ ಅದರ ಕತೆ ಮುಗಿಯಿತು. ಬ್ಯಾಟರಿ ಡ್ರಿಲ್ಲಿನ 1ನೇ ಗೇರ್ ಇದಕ್ಕೆ ಸರಿ. ಹ್ಯಾಮರ್ ಮೋಡ್ ಆಫ್ ಇದೆಯಾ ಅಂತ ಎರಡು ಸಲ ನೋಡಿಕೊಳ್ಳಿ.

ಮೂರನೇದು ಮಣಿಕಟ್ಟಿನ ಕತೆ. ಹೋಲ್ ಸಾ ಸ್ವಲ್ಪ ಓರೆಯಾದರೆ ಒಂದು ಕಡೆ ಹಲ್ಲು ಮೊದಲು ಕಚ್ಚುತ್ತದೆ. ಸಾ ನಿಲ್ಲುತ್ತದೆ, ಮಿಷನ್ ತಿರುಗುತ್ತದೆ, ಜೊತೆಗೆ ನಮ್ಮ ಕೈಯೂ ತಿರುಗುತ್ತದೆ. ಪಕ್ಕದ ಹಿಡಿಕೆ ಹಾಕಿಕೊಂಡು ಎರಡು ಕೈಯಲ್ಲಿ ಹಿಡಿಯಿರಿ. ತಗಡಿನ ಹಿಂದೆ ಒಂದು ಪ್ಲೈವುಡ್ ತುಂಡು ಕ್ಲ್ಯಾಂಪ್ ಮಾಡಿದರೆ ಇನ್ನೂ ಒಳ್ಳೆಯದು. ನಡುವಿನ ಪೈಲಟ್ ಬಿಟ್ಟಿಗೆ ಆ ಮರವೇ ಆಸರೆ, ಸಾ ಅಲೆದಾಡುವುದಿಲ್ಲ. ಅಂದಹಾಗೆ ಸಡಿಲ ಗ್ಲೌಸ್ ಬೇಡ, ತಿರುಗುವ ಬಿಟ್ ಅದನ್ನು ಬೆರಳು ಸಮೇತ ಎಳೆಯುತ್ತದೆ. ಕನ್ನಡಕ ಮಾತ್ರ ಬೇಕೇ ಬೇಕು.

ಬಣ್ಣ ಏಳದಿರಲು ಎರಡು ಪದರ ಮಾಸ್ಕಿಂಗ್ ಟೇಪ್ ಹಚ್ಚಿ, ಅದರ ಮೇಲೆ ಗುರುತು ಹಾಕಿ, ಸೆಂಟರ್ ಪಂಚ್ ಇಟ್ಟು ಒಂದೇ ಏಟು. ಹೋಲ್ ಸಾವನ್ನು ಮೊದಲು ರಿವರ್ಸ್‌ನಲ್ಲಿ ನಾಲ್ಕು ಸುತ್ತು ಆಡಿಸಿ. ಬಣ್ಣ ಸಿಪ್ಪೆ ಏಳದೆ ಗೀರಾಗಿ ತೆರೆದುಕೊಳ್ಳುತ್ತದೆ. ಆಮೇಲೆ ಮುಂದಕ್ಕೆ ತಿರುಗಿಸಿ. ಎಣ್ಣೆ ಬಿಡುತ್ತಾ ಇರಿ. ಕಟಿಂಗ್ ಆಯಿಲ್ ಇಲ್ಲದಿದ್ದರೆ ಕೊಬ್ಬರಿ ಎಣ್ಣೆಯೂ ನಡೆಯುತ್ತದೆ, ಶೆಡ್ ತುಂಬ ಅಡುಗೆಮನೆ ವಾಸನೆ ಬರುತ್ತದೆ ಅಷ್ಟೇ.

ಮಡ್‌ಗಾರ್ಡ್ ಹಿಂದೆ ಇನ್ನೊಂದು ತಗಡು ಇರಬಹುದು, ನಡುವೆ ಜಾಗ. ಹೊರಗಿನದನ್ನು ಕೊಯ್ದು ಆಮೇಲೆ ಒಳಗಿನದನ್ನು ಅಂದಾಜಿನಲ್ಲಿ ಕೊಯ್ದರೆ ಎರಡು ತೂತು ಒಂದಕ್ಕೊಂದು ಸೇರುವುದಿಲ್ಲ. ನನ್ನದು ಹಾಗೇ ಆದದ್ದು. ಮೊದಲು ಉದ್ದನೆ 6 ಮಿ.ಮೀ. ಬಿಟ್ಟಿನಲ್ಲಿ ಎರಡಕ್ಕೂ ನೇರ ಪೈಲಟ್ ತೂತು ಹಾಕಿ. ಆಮೇಲೆ ಹೊರಗಿನದನ್ನು ಹೊರಗಿಂದ, ಒಳಗಿನದನ್ನು ಬಾನೆಟ್ ಕಡೆಯಿಂದ ಕೊಯ್ಯಿರಿ.

ಬೇಲೂರಿನವರು

ಎಲ್ಲರೂ ತೂತಿನ ಬಗ್ಗೆ ಹೇಳಿದಿರಿ, ಪುಡಿಯ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮೆಜಮಾನರು ಗಾಡಿ ಟಾಪಿಗೆ ಕ್ಯಾರಿಯರ್ ಕೂರಿಸಲು ತೂತು ಕೊರೆದು, ಪುಡಿಯನ್ನು ಬಟ್ಟೆಯಲ್ಲಿ ಒರೆಸಿ ಎದ್ದು ಬಂದರು. ಎರಡು ಮಳೆ ಬಿತ್ತು ನೋಡಿ, ಬಿಳಿ ಗಾಡಿಯ ಮೇಲೆ ರಾಗಿ ಚೆಲ್ಲಿದ ಹಾಗೆ ಕೆಂಪು ಚುಕ್ಕಿ. ಬಿಸಿ ಪುಡಿ ಬಣ್ಣದಲ್ಲಿ ಕಚ್ಚಿಕೊಂಡು ಅಲ್ಲೇ ತುಕ್ಕಾಗುತ್ತದೆ. ಒರೆಸಿದರೆ ಗೀರೂ ಬೀಳುತ್ತದೆ.

ಕೆಲಸಕ್ಕೆ ಮೊದಲು ಸುತ್ತ ಒದ್ದೆ ಬಟ್ಟೆ ಹಾಸಿ. ಬಿಟ್ಟಿಗೆ ಸ್ವಲ್ಪ ಗ್ರೀಸ್ ಮೆತ್ತಿದರೆ ಪುಡಿ ಅಲ್ಲೇ ಅಂಟುತ್ತದೆ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಆಡಿಸಿ. ಕವರ್ ಮಗುಚಿದರೆ ಪುಡಿಯೆಲ್ಲ ಬುಟ್ಟಿಗೆ. ಒಳಗೆ ಕಾರ್ಪೆಟ್ ಅಡಿಯಲ್ಲೂ ಬಿದ್ದಿರುತ್ತದೆ, ಮರೆಯಬೇಡಿ.

ಕಾರ್ಪೆಟ್ ಅಂದಾಗ ನೆನಪಾಯಿತು. ಫೈರ್‌ವಾಲ್ ಕೊರೆಯುವ ಮೊದಲು ಕಾರ್ಪೆಟ್ಟನ್ನೂ ಅದರ ಅಡಿಯ ಫೆಲ್ಟನ್ನೂ ಆಚೆ ಸರಿಸಿ. ಬಿಟ್ ಅದಕ್ಕೆ ತಗುಲಿದರೆ ಸೀರೆ ಸೆರಗು ಚಕ್ರಕ್ಕೆ ಸಿಕ್ಕಿದ ಹಾಗೆ ಸುತ್ತಿಕೊಳ್ಳುತ್ತದೆ.

ಕೊರೆದ ಮೇಲೆ ಅಂಚಿನ ಮುಳ್ಳನ್ನು ಅರ್ಧ ದುಂಡನೆಯ ಅರದಿಂದ ಎರಡೂ ಕಡೆ ತೀಡಿ. ರೆಡ್ ಆಕ್ಸೈಡ್ ಎರಡು ಕೋಟ್, ಒಣಗಿದ ಮೇಲೆ ಟಚ್-ಅಪ್ ಬಣ್ಣ. ಒಣಗಲು ಬಿಡಿ ಅಂತ ಹೇಳಿದರೆ ನಮ್ಮವರು ಕೇಳುವುದಿಲ್ಲ, ನೀವಾದರೂ ಕೇಳಿ. ನಮ್ಮ ಕಡೆ ಮಳೆಗೆ ಬರಿ ಅಂಚು ಒಂದು ವಾರವೂ ತಡೆಯುವುದಿಲ್ಲ.

ಹಾಸನದಲ್ಲಿ ಪ್ಯಾನೆಲ್ ಬೋರ್ಡ್ ಕೆಲಸ ಮಾಡುವವರು

ಪುಡಿಯೇ ಬೇಡ ಅಂದರೆ ನಾಕ್‌ಔಟ್ ಪಂಚ್. ನಾವು ದಿನಾ ಕರೆಂಟ್ ಬೋರ್ಡಿನ ತಗಡಿಗೆ ಇದರಲ್ಲೇ ತೂತು ಹಾಕುವುದು. ನಡುವೆ ಬೋಲ್ಟ್ ಹೋಗುವಷ್ಟು ತೂತು ಮಾಡಿ, ಒಂದು ಕಡೆ ಪಂಚ್, ಇನ್ನೊಂದು ಕಡೆ ಬಟ್ಟಲಿನಂಥ ಡೈ ಇಟ್ಟು ಸ್ಪ್ಯಾನರಿನಲ್ಲಿ ಬಿಗಿಯುತ್ತಾ ಹೋಗಿ. ಟಕ್ ಅಂತ ಬಿಲ್ಲೆ ಬೀಳುತ್ತದೆ. ಬಿಸಿ ಇಲ್ಲ, ಪುಡಿ ಇಲ್ಲ, ಅಂಚೂ ಚೊಕ್ಕ. ತಗಡಿನ ಎರಡೂ ಬದಿಗೆ ಕೈ ಹೋಗಬೇಕು ಅನ್ನುವುದೊಂದೇ ತೊಂದರೆ. ಒಂದು ತೂತಿಗಾಗಿ ಸೆಟ್ ಕೊಳ್ಳಬೇಡಿ, ದುಬಾರಿ. ಬೋರ್ಡ್ ಕೆಲಸದವರು ಪರಿಚಯ ಇದ್ದರೆ ಒಂದು ದಿನಕ್ಕೆ ಕೇಳಿ.

ಗ್ಯಾಸ್ ಕಟಿಂಗ್ ಮಾತ್ರ ಬೇಡ. ತಗಡು ಸೊಟ್ಟಗಾಗುತ್ತದೆ, ಸುತ್ತ ಗೇಣುದ್ದ ಬಣ್ಣ ಸುಡುತ್ತದೆ.

ಚಿಕ್ಕಮಗಳೂರಿನ ಆಟೋ ಎಲೆಕ್ಟ್ರಿಷಿಯನ್

ಅಣ್ಣಾ, ಒಂದು ನಿಮಿಷ ಡ್ರಿಲ್ ಕೆಳಗಿಡಿ. ನಿಮಗೆ 20 ಮಿ.ಮೀ. ತೂತು ಯಾಕೆ ಬೇಕು?

ಎರಡು ಲ್ಯಾಂಪ್, ತಲಾ 55 ವ್ಯಾಟ್ ಅಂದುಕೊಳ್ಳಿ. ಒಟ್ಟು 110 ವ್ಯಾಟ್, 12 ವೋಲ್ಟಿಗೆ ಒಂಬತ್ತು ಆಂಪಿಯರ್ ಚಿಲ್ಲರೆ. ಅಷ್ಟು ಕರೆಂಟನ್ನು ಕ್ಯಾಬಿನ್ನಿನ ಸ್ವಿಚ್ಚಿಗೆ ತಂದು ವಾಪಸ್ ಒಯ್ಯುವ ಕೆಲಸವೇ ಇಲ್ಲ. ರಿಲೇಯನ್ನು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಪುಟ್ಟ ಡಬ್ಬಿಯನ್ನು, ಬಾನೆಟ್ ಒಳಗೇ ಕೂರಿಸಿ. ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ದಾಟಿ ರಿಲೇಯ 30ನೇ ಪಿನ್ನಿಗೆ, 87ರಿಂದ ಲ್ಯಾಂಪಿಗೆ. ದಪ್ಪ ವೈರೆಲ್ಲ ಅಲ್ಲೇ ಮುಗಿಯಿತು. ಫ್ಯೂಸ್ ಬ್ಯಾಟರಿಗೆ ಹತ್ತಿರ ಇರಲಿ. ಸ್ವಿಚ್ಚಿಗೆ ಹೋಗುವುದು 85, 86ರ ತೆಳು ವೈರು ಮಾತ್ರ. ಅದಕ್ಕೆ ಪೆನ್ಸಿಲ್ ಗಾತ್ರದ ದಾರಿ ಸಾಕು.

ಆ ದಾರಿ ಗಾಡಿಯಲ್ಲಿ ಆಗಲೇ ಇರಬಹುದು. ಟಾರ್ಚ್ ಹಿಡಿದು ಫೈರ್‌ವಾಲ್ ನೋಡಿ. ಮೇನ್ ವೈರಿಂಗ್ ಒಳಗೆ ಹೋಗುವ ದೊಡ್ಡ ರಬ್ಬರ್ ಇರುತ್ತದೆ. ಎಷ್ಟೋ ಗಾಡಿಗಳಲ್ಲಿ ಬಳಸದೆ ಬಿಟ್ಟ ತೂತಿಗೆ ರಬ್ಬರ್ ಮುಚ್ಚಳವೂ ಇರುತ್ತದೆ. ಅದಕ್ಕೆ ಸಣ್ಣ ತೂತು ಚುಚ್ಚಿ ವೈರು ದಾಟಿಸಿ.

ಇಲ್ಲ, ಕೊರೆಯಲೇಬೇಕು ಅಂದರೆ ಗ್ರೊಮೆಟ್, ಅಂದರೆ ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆ, ಮೊದಲು ಕೊಳ್ಳಿ, ತೂತು ಆಮೇಲೆ. ಅದರ ಕಾಲುವೆಯ ಅಳತೆಗೆ ತೂತು. ಗ್ರೊಮೆಟ್ ಇಲ್ಲದೆ ಬರಿ ತಗಡಿನಲ್ಲಿ ವೈರು ಬಿಟ್ಟರೆ ತೋಟದ ದಾರಿಯ ಕುಲುಕಾಟಕ್ಕೆ ಪ್ಲಾಸ್ಟಿಕ್ ಕೊಯ್ದು ಶಾರ್ಟ್ ಆಗುತ್ತದೆ. ಡ್ಯಾಶ್‌ಬೋರ್ಡ್ ಅಡಿಯಿಂದ ಹೊಗೆ ಅಂತ ನನ್ನ ಹತ್ತಿರ ಬಂದ ಗಾಡಿಗಳಲ್ಲಿ ಈ ಕತೆಯೇ ಜಾಸ್ತಿ. ವೈರು ಒಳಗೆ ಹೋಗುವ ಮುಂಚೆ ಅದನ್ನು ಸ್ವಲ್ಪ ಕೆಳಗೆ ಜೋತು ಬಿಡಿ. ವೈರು ಹಿಡಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಕೊರೆಯುವ ಮುಂಚೆ ಬ್ಯಾಟರಿ ನೆಗೆಟಿವ್ ಬಿಚ್ಚಿ. ಆ ಕಡೆ ಬ್ರೇಕ್ ಪೈಪ್, ವೈರಿಂಗ್ ಕಟ್ಟು, ಹೀಟರ್ ಹೋಸ್ ಏನಿದೆ ಅಂತ ಕೈಯಾಡಿಸಿ ನೋಡಿ. ಚಾಸಿಸ್ ಮತ್ತು ಬಾಗಿಲ ಕಂಬಗಳ ತಂಟೆಗೆ ಹೋಗಲೇಬೇಡಿ. ಹೊಸ ಕಾರಿನವರು ಯಾರಾದರೂ ಓದುತ್ತಿದ್ದರೆ, ಟಾಪಿನ ಅಂಚಿನಲ್ಲಿ ಏರ್‌ಬ್ಯಾಗ್ ಮಡಚಿಟ್ಟಿರಬಹುದು, ಅಲ್ಲೂ ಬೇಡ.

ಸಕಲೇಶಪುರದ ತೋಟದವರು

ರಿಲೇ ಮಾತು ಸರಿ. ನನಗೆ ಹೊಳೆದೇ ಇರಲಿಲ್ಲ.

ಬಾಳೆಹೊನ್ನೂರಿನವರು

ಸ್ನಾರ್ಕೆಲ್ ಬಗ್ಗೆ ನನ್ನದೊಂದು ತಕರಾರು. ಮಾರಾಯ್ರೆ, ಹಳ್ಳದ ನೀರು ಎಷ್ಟು ಎತ್ತರ ಬರುತ್ತದೆ ಅಂತ ಅಳೆದಿದ್ದೀರಾ? ಬಾನೆಟ್ ಎತ್ತರಕ್ಕೆ ನೀರು ಓಡುತ್ತಿದ್ದರೆ ಸ್ನಾರ್ಕೆಲ್ ಇದ್ದರೂ ಗಾಡಿ ಕೊಚ್ಚಿಕೊಂಡು ಹೋಗುತ್ತದೆ. ಚಕ್ರದ ಅರ್ಧಕ್ಕೆ ಬರುತ್ತಿದ್ದರೆ ಸ್ನಾರ್ಕೆಲ್ಲೇ ಬೇಡ. ಸಿಲಿಂಡರ್ ಒಳಗೆ ನೀರು ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಅದು ನಿಜ. ಆದರೆ ಮುಳುಗುವುದು ಏರ್ ಫಿಲ್ಟರ್ ಒಂದೇ ಅಲ್ಲವಲ್ಲ? ಗೇರ್‌ಬಾಕ್ಸ್, ಆಕ್ಸಲ್‌ಗಳ ಉಸಿರು ಪೈಪಿನಲ್ಲೂ ನೀರು ಹೋಗಿ ಆಯಿಲ್ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಸ್ನಾರ್ಕೆಲ್ ಹಾಕಿಸಿದವರು ಆ ಉಸಿರು ಪೈಪುಗಳನ್ನು ಮೇಲಕ್ಕೆ ಏರಿಸಿರುವುದು ನಾನು ನೋಡಿಲ್ಲ.

ಇನ್ನೊಂದು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಕಂಪನಿ ಕೊಟ್ಟದ್ದಕ್ಕಿಂತ ಆರ್‌ಸಿ ವಿವರ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಆರ್‌ಟಿಒ ಕಚೇರಿಯಲ್ಲಿ ಒಂದು ಮಾತು ಕೇಳಿಯೇ ಮಡ್‌ಗಾರ್ಡಿಗೆ ಕೈ ಹಾಕಿ.

ಸಕಲೇಶಪುರದ ತೋಟದವರು

ನನಗೆ ಅದು ಧೂಳಿಗೆ ಉಪಯೋಗಕ್ಕೆ ಬಂದಿದೆ. ಬೇಸಿಗೆಯಲ್ಲಿ ಏರ್ ಫಿಲ್ಟರ್ ಮೊದಲಿನಷ್ಟು ಬೇಗ ಕಟ್ಟುವುದಿಲ್ಲ. ಹಳ್ಳಕ್ಕೆ ಅಂತ ಹಾಕಿಸಿ ಇಷ್ಟು ವರ್ಷದಲ್ಲಿ ನೀರಿಗೆ ಒಂದು ಸಲವೂ ಬೇಕಾಗಲಿಲ್ಲ, ಒಪ್ಪುತ್ತೇನೆ.

ಪ್ರಶ್ನೆ ಕೇಳಿದವರು, ಎರಡು ತಿಂಗಳ ನಂತರ

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳಿಬಿಡುತ್ತೇನೆ.

ಫೈರ್‌ವಾಲ್‌ನಲ್ಲಿ ಮಣ್ಣು ಮೆತ್ತಿಕೊಂಡು ಒಂದು ರಬ್ಬರ್ ಮುಚ್ಚಳ ಸಿಕ್ಕಿತು. ಇಷ್ಟು ವರ್ಷ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ರಿಲೇ ಬಾನೆಟ್ ಒಳಗೆ, ತೆಳು ವೈರು ಮುಚ್ಚಳದಲ್ಲಿ. ಕೊರೆದ ತೂತು ಸೊನ್ನೆ. ಚಾರ್ಮಾಡಿಯಲ್ಲಿ ಎರಡು ಸಲ ಮಂಜಿನಲ್ಲಿ ಇಳಿದೆ, ರಸ್ತೆ ಅಂಚಿನ ಬಿಳಿ ಗೆರೆ ಈಗ ಕಾಣುತ್ತದೆ.

ಹಳ್ಳದಲ್ಲಿ ಗೂಟ ನೆಟ್ಟು ಆರಿದ್ರ ಪೂರ್ತಿ ಅಳೆದೆ. ಜಾಸ್ತಿ ಬಂದ ದಿನವೂ ನೀರು ಚಕ್ರದ ನಡುಮಟ್ಟ ದಾಟಲಿಲ್ಲ. ಸ್ನಾರ್ಕೆಲ್ಲಿಗೆ ಇಟ್ಟ ದುಡ್ಡಿಗೆ ಇನ್ನಷ್ಟು ಸೇರಿಸಿ, ಮಳೆ ನಿಂತ ಮೇಲೆ ಅಲ್ಲಿಗೆ ಹ್ಯೂಮ್ ಪೈಪ್ (ದಾರಿಯ ಅಡಿಯಲ್ಲಿ ನೀರು ಹರಿಯಲು ಸಿಮೆಂಟ್ ಕೊಳವೆ) ಹಾಕಿಸುವುದು ಅಂತ ಮನೆಯಲ್ಲಿ ತೀರ್ಮಾನವಾಗಿದೆ.

ಆದರೆ ಸ್ಟೆಪ್ ಬಿಟ್ ಆಗಲೇ ತಂದಾಗಿತ್ತಲ್ಲ, ಕೈ ಸುಮ್ನೆ ಇರಬೇಕಲ್ಲ. ಗುಜರಿಯಿಂದ ತಂದ ಹಳೇ ಬಾನೆಟ್ ತುಂಡಿನ ಮೇಲೆ ಎಂಟು ತೂತು ಹಾಕಿ ಅಭ್ಯಾಸ ಮಾಡಿದೆ. ಮೊದಲ ಮೂರು ಒಂದು ಮೆಟ್ಟಿಲು ಜಾಸ್ತಿ ಹೋದವು. ಟೇಪ್ ಸುತ್ತಿದ ಮೇಲೆ ಸರಿ ಬಂತು. ಆಮೇಲೆ ಹಿಂದಿನ ಬಾಗಿಲಿಗೆ ರಿವರ್ಸ್ ಕ್ಯಾಮೆರಾದ 20 ಮಿ.ಮೀ. ತೂತು, ಒಂದೇ ಒಂದು. ಗುಂಡಗಿದೆ. ರೆಡ್ ಆಕ್ಸೈಡ್ ಒಂದು ರಾತ್ರಿ ಪೂರ್ತಿ ಒಣಗಲು ಬಿಟ್ಟಿದ್ದೇನೆ, ಬೇಲೂರಿನ ಅಕ್ಕ ಗಮನಿಸಬೇಕು.

ಬಿಟ್ ಇನ್ನೂ ಹೊಸದರ ಹಾಗೇ ಇದೆ. ಮೂಡಿಗೆರೆ ಕಡೆ ಯಾರಿಗಾದರೂ ಬೇಕಿದ್ದರೆ ಬಂದು ಒಯ್ಯಿರಿ. ಎಣ್ಣೆ ಹಚ್ಚಿ ವಾಪಸ್ ಕೊಡಿ.