ಸಹಾಯ ಬೇಕು: ಥೈರಾಯ್ಡ್ ಗಂಟು, ದನಿ ಒಡದೈತಿ. ಎಷ್ಟು ದಿನ ತಡೀಬಹುದು?

ಗದಗದಾಗ 58 ವರ್ಷದ ಅಕ್ಕಾರೊಬ್ಬರಿಗೆ 2.4 ಸೆಂ.ಮೀ. ಗಂಟು. ಸೂಜಿ ಪರೀಕ್ಷೆ ಬೆಥೆಸ್ಡಾ 6 (ಕ್ಯಾನ್ಸರ್ ಅಂತ ಹೇಳೂ ದರ್ಜೆ), ಪ್ಯಾಪಿಲರಿ ಅನ್ನೂ ಥೈರಾಯ್ಡ್ ಕ್ಯಾನ್ಸರ್. ನೋವಿಲ್ಲ, ಟಿಎಸ್‌ಎಚ್ (ಥೈರಾಯ್ಡ್ ರಕ್ತ ಪರೀಕ್ಷೆ) ನಾರ್ಮಲ್, ಅದಕ್ಕ 'ಆಪರೇಷನ್ ಯಾಕ್ರಿ' ಅಂತಾರ. ಟಿಎಸ್‌ಎಚ್ ನಾರ್ಮಲ್ ಇದ್ರೂ ಕ್ಯಾನ್ಸರ್ ಇರತೈತಿ ಅಂತ ರಿಪೋರ್ಟ್ ಮುಂದಿಟ್ಟು ಹೇಳಿದ್ರೂ, ಮಗಳ ಕಡಿಂದ ಹೇಳಿಸಿದ್ರೂ ಕೇಳವಲ್ರು.

ಪ್ಯಾಪಿಲರಿ ನಿಧಾನ ಬೆಳಿಯೂದು ಖರೆ. ಬಿಟ್ರ ಮೊದಲ ಕುತ್ತಿಗಿ ದುಗ್ಧಗ್ರಂಥಿಗೆ (ಲಿಂಫ್ ನೋಡ್), ಆಮ್ಯಾಲ ಪುಪ್ಪುಸ, ಎಲುಬಿಗೆ ಹಬ್ಬಬಹುದು. ಆಪರೇಷನ್ ಇಲ್ಲದ ಕಾದು ನೋಡೂದು ಹೆಚ್ಚಾಗಿ 1 ಸೆಂ.ಮೀ. ಒಳಗಿನ, ಎಲ್ಲೂ ಹಬ್ಬದ ಗಂಟಿಗೆ.

ಅಂಜಿಕಿ ಹುಟ್ಟಿಸಿದ್ದು ಬ್ಯಾರೇನ: ಮೂರು ವಾರದಿಂದ ದನಿ ಒಡದೈತಿ, ನೀರು ಕುಡದ್ರ ಕೆಮ್ಮು. ಕ್ಯಾನ್ಸರ್ ದನಿಯ ನರಕ್ಕ ಹಬ್ಬಿರಬಹುದು ಅನ್ನೂ ಸಂಶಯ. ಬರೇ ಗಂಟಲ ಸೋಂಕೂ ಇರಬಹುದು, ಅಲ್ಲೇ ಗೊಂದಲ.

ಇಎನ್‌ಟಿ ಅಥವಾ ಕ್ಯಾನ್ಸರ್ ಸರ್ಜರಿ ಬಲ್ಲವರು ಹೇಳ್ರಿ: ಮೊದಲ ಲ್ಯಾರಿಂಗೋಸ್ಕೋಪಿಯೋ (ದನಿಪೆಟ್ಟಿಗಿ ಒಳಗ ನೋಡೂ ಪರೀಕ್ಷೆ), ಕುತ್ತಿಗಿ ಸಿಟಿ ಸ್ಕ್ಯಾನೋ? ನರ ಹಿಡದಿದ್ರ ಎಷ್ಟು ವಾರದೊಳಗ ಆಪರೇಷನ್ ಆಗಬೇಕು?