1992ರ ಮಾರುತಿ 800: ಮಳೆಗಾಲಕ್ಕೆ ಮೊದಲು ಮನೆಯಲ್ಲೇ ಯಾವ ಕೆಲಸ ಮಾಡಿಕೊಳ್ಳಬೇಕು?

ಪ್ರಶ್ನೆ (ತೀರ್ಥಹಳ್ಳಿ ಸಮೀಪದ ಹಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 1992ರಲ್ಲಿ ಕೊಂಡ ಮಾರುತಿ 800 ಇಂದಿಗೂ ಮನೆಯಲ್ಲಿದೆ. ಅವರ ಕಾಲಾನಂತರ ಅದನ್ನು ಮಾರಲು ಮನಸ್ಸು ಬಾರದೆ, ಎರಡು ವರ್ಷಗಳಿಂದ ಭಾನುವಾರಗಳಂದು ನಾನೇ ಅದರ ಕೆಲಸ ಕಲಿಯುತ್ತಿದ್ದೇನೆ. ಆಯಿಲ್ ಬದಲಿಸುವುದು, ಪ್ಲಗ್ ಶುಚಿ ಮಾಡುವುದು, ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುವುದು ಕೈಗೆ ಬಂದಿವೆ.

ಕಳೆದ ಮಳೆಗಾಲದಲ್ಲಿ ಮೂರು ತೊಂದರೆಗಳು ಕಂಡವು. ರಾತ್ರಿಯಿಡೀ ಮಳೆ ಸುರಿದ ಮರುದಿನ ಎಂಜಿನ್ ನಾಲ್ಕೈದು ಪ್ರಯತ್ನಕ್ಕೆ ಚಾಲೂ ಆಗುತ್ತಿತ್ತು, ಆದರೂ ಹತ್ತು ನಿಮಿಷ ಮೂರು ಸಿಲಿಂಡರುಗಳಲ್ಲಿ ಒಂದು ಕೆಲಸ ಮಾಡುತ್ತಿರಲಿಲ್ಲ. ಚಾಲಕನ ಕಾಲ ಕೆಳಗಿನ ಮ್ಯಾಟ್ ಎತ್ತಿದರೆ ತಗಡು ತುಕ್ಕು ಹಿಡಿದಿತ್ತು. ಆಗುಂಬೆ ಘಾಟಿಯಲ್ಲಿ ರಾತ್ರಿ ಇಳಿಯುವಾಗ ಹೆಡ್‌ಲೈಟಿನ ಬೆಳಕು ತೀರಾ ಮಂಕಾಗಿ, ತಿರುವು ಹತ್ತಿರ ಬರುವವರೆಗೆ ರಸ್ತೆಯ ಅಂಚು ಕಾಣುತ್ತಿರಲಿಲ್ಲ. ಎಲ್‌ಇಡಿ ಬಲ್ಬು ಮತ್ತು ಅಗಲವಾದ ಟೈರು ಹಾಕಿಸಬೇಕೆಂಬ ಆಸೆಯಿದೆ. 2027ರಲ್ಲಿ ಆರ್‌ಸಿ ನವೀಕರಣವೂ ಇದೆ. ಕಾರು ನಿಲ್ಲುವುದು ಕೊಟ್ಟಿಗೆಗೆ ತಾಗಿದ ಕೋಣೆಯಲ್ಲಿ. ಕೈಯಲ್ಲಿರುವ ಹಣ ಕಡಿಮೆಯಾದ್ದರಿಂದ ಯಾವುದನ್ನು ಮೊದಲು ಮಾಡಲಿ ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ (ಸಾಗರದಿಂದ)

ಕಾರು ಕೊಟ್ಟಿಗೆಗೆ ತಾಗಿ ನಿಲ್ಲುವ ವಿಷಯದಿಂದಲೇ ಆರಂಭಿಸುತ್ತೇನೆ. ಗಂಜಲದಿಂದ ಏಳುವ ಅಮೋನಿಯಾ ತೇವದ ಗಾಳಿಯೊಡನೆ ಸೇರಿದಾಗ ತಾಮ್ರವನ್ನೂ ಹಿತ್ತಾಳೆಯನ್ನೂ ತಿನ್ನುತ್ತದೆ. ವಯರುಗಳ ತುದಿಯ ಟರ್ಮಿನಲ್ಲುಗಳೂ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟುಗಳೂ ಆ ಲೋಹದವೇ. ನನ್ನ ಪದ್ಮಿನಿ ಕಾರಿನ ಫ್ಯೂಸುಗಳ ಬುಡದಲ್ಲಿ ಹಸಿರು ಹುಡಿ ಕಟ್ಟಿದ್ದನ್ನು ಕಂಡರೂ ಕಾರಣ ತಿಳಿಯದೆ ಮೂರು ಮಳೆಗಾಲ ಕಳೆದಿದ್ದೇನೆ. ಕಾರನ್ನು ಕೊಟ್ಟಿಗೆಯ ಕಡೆಯಿಂದ ಬಿಡಿಸಿ, ಎರಡು ಬದಿ ತೆರೆದ ಶೀಟಿನ ಮಾಡಿನ ಕೆಳಗೆ ನಿಲ್ಲಿಸಿ. ಅಡಿಕೆ ಬೇಯಿಸುವ ಒಲೆಯ ಪಕ್ಕವೂ ಬೇಡ, ಅಲ್ಲಿನ ಹಬೆಯೂ ಒಳ್ಳೆಯದಲ್ಲ. ಪ್ಲಾಸ್ಟಿಕ್ ಹೊದಿಕೆಯನ್ನಂತೂ ಹಾಕಲೇಬೇಡಿ, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ.

ಒಂದು ಸಿಲಿಂಡರ್ ಬಿಟ್ಟುಹೋಗುವುದಕ್ಕೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯಿದೆ. ಕತ್ತಲಾದ ಮೇಲೆ ಬಾನೆಟ್ ತೆರೆದು, ಎಂಜಿನ್ ಚಾಲೂ ಇರುವಾಗ, ಹೂಗಿಡಕ್ಕೆ ನೀರು ಸಿಂಪಡಿಸುವ ಬಾಟಲಿಯಿಂದ ಪ್ಲಗ್ ವಯರುಗಳ ಮೇಲೂ ಪ್ಲಗ್ಗುಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಸುತ್ತಲೂ ಮಂಜಿನಂತೆ ನೀರು ಹಾಯಿಸಿದರೆ, ವಿದ್ಯುತ್ ಸೋರುವ ಜಾಗದಲ್ಲಿ ನೀಲಿ ಕಿಡಿ ಹರಿದಾಡುವುದು ಕಣ್ಣಿಗೆ ಕಾಣುತ್ತದೆ. ಆಗ ವಯರುಗಳನ್ನು ಕೈಯಿಂದ ಮುಟ್ಟಬಾರದು. ಮುಚ್ಚಳದ ಒಳಗೆ ಪೆನ್ಸಿಲ್ ಗೆರೆಯಂಥ ಕಪ್ಪು ಬಿರುಕು ಕಂಡರೆ ಮುಚ್ಚಳವನ್ನೇ ಬದಲಿಸಿ. ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುತ್ತ ಕಿಡಿ ಹುಟ್ಟಿಸುವ ಪಾಯಿಂಟಿನ ಅಂತರ 0.4ರಿಂದ 0.5 ಮಿಲಿಮೀಟರ್, ಪ್ಲಗ್ಗಿನದು 0.7ರಿಂದ 0.8 ಮಿಲಿಮೀಟರ್ ಇರುವಂತೆ ಫೀಲರ್ ಗೇಜಿನಿಂದ (ಅಂತರ ಅಳೆಯುವ ತೆಳು ಪಟ್ಟಿಗಳಿಂದ) ನೋಡಿಕೊಳ್ಳಿ.

ಪೆಟ್ರೋಲಿನ ವಿಷಯವನ್ನೂ ಮರೆಯಬೇಡಿ. ಈಗ ಬಂಕಿನಲ್ಲಿ ಸಿಗುವ ಇ20ಯಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಹಾಳುಮಾಡುತ್ತದೆ. ಪೈಪುಗಳನ್ನೂ ಪಂಪಿನ ಡಯಾಫ್ರಮನ್ನೂ ಎಥನಾಲ್ ತಡೆಯುವಂಥವಕ್ಕೆ ಬದಲಿಸಿ, ಕಾರು ಹೆಚ್ಚು ದಿನ ನಿಲ್ಲುವ ಆಷಾಢದಲ್ಲಿ ಟ್ಯಾಂಕನ್ನು ತುಂಬಿಯೇ ಇಡಿ.

ಉತ್ತರ (ಶಿವಮೊಗ್ಗದಿಂದ, ಟಿಂಕರಿಂಗ್ ಕೆಲಸ ಮಾಡುವವನು)

ಮ್ಯಾಟ್ ಮತ್ತು ಅದರಡಿಯ ಫೆಲ್ಟ್ ಪದರ ಎರಡನ್ನೂ ತೆಗೆದು, ತುಕ್ಕಿನ ಮೇಲೆ ಸ್ಕ್ರೂಡ್ರೈವರ್ ತುದಿಯನ್ನು ಒತ್ತಿ ನೋಡಿ. ಒಳಗೆ ಇಳಿದರೆ ಅಲ್ಲಿಯ ತಗಡನ್ನು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸುವುದೊಂದೇ ದಾರಿ. ಪುಟ್ಟಿ ಮೆತ್ತಿದರೆ ಒಂದೇ ಮಳೆಗಾಲ ಬಾಳುತ್ತದೆ. ಇಳಿಯದಿದ್ದರೆ ತಂತಿಯ ಬ್ರಷ್‌ನಿಂದ ಉಜ್ಜಿ, ತುಕ್ಕು ಪರಿವರ್ತಕ ಹಚ್ಚಿ, ಎಪಾಕ್ಸಿ ಪ್ರೈಮರ್ ಬಳಿಯಿರಿ. ಹಸಿ ತುಕ್ಕಿನ ಮೇಲೆ ನೇರವಾಗಿ ಕಪ್ಪು ಅಂಡರ್‌ಕೋಟ್ ಹೊಡೆಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ, ಏಕೆಂದರೆ ಅದರ ಮರೆಯಲ್ಲಿ ತಗಡು ಕೊಳೆಯುವುದು ಯಾರ ಕಣ್ಣಿಗೂ ಬೀಳುವುದಿಲ್ಲ.

ನೀರು ಎಲ್ಲಿಂದ ಬಂತೆಂದೂ ಹುಡುಕಿ. ವೈಪರಿನ ಕೆಳಗಿನ ಜಾಲರಿಯಲ್ಲಿ ಎಲೆ ಕಟ್ಟಿಕೊಂಡರೆ ಮಳೆನೀರು ಒಳಗೆ ಇಳಿಯುತ್ತದೆ. ಬಾಗಿಲುಗಳ ತಳದ ಸಣ್ಣ ತೂತುಗಳನ್ನು ತೆಂಗಿನ ಗರಿಯ ಕಡ್ಡಿಯಿಂದ ಬಿಡಿಸಿ. ಈ ಕೆಲಸವೆಲ್ಲ ಗಾಳಿ ಒಣಗಿರುವ ಜನವರಿಯಿಂದ ಮಾರ್ಚ್ ನಡುವೆ ಮುಗಿಯಬೇಕು. ನವೀಕರಣದ ತಪಾಸಣೆಗೆ ತಗಡು ಗಟ್ಟಿಯಾಗಿರುವುದು ಅತ್ಯಗತ್ಯ.

ಉತ್ತರ (ಕೊಪ್ಪದಿಂದ)

ಆಗುಂಬೆಯ 14 ತಿರುವುಗಳಲ್ಲಿ ನಾನೂ ಹಳೆಯ ಕಾರಿನಲ್ಲೇ ಇಳಿದವನು, ಆದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ: ಎಲ್‌ಇಡಿ ಸದ್ಯಕ್ಕೆ ಬೇಡ. ನಿಮ್ಮ ಪ್ರತಿಫಲಕ ಹ್ಯಾಲೊಜೆನ್ ತಂತಿಯ ಜಾಗಕ್ಕೆ ಲೆಕ್ಕಹಾಕಿ ಮಾಡಿದ್ದು; ಎಲ್‌ಇಡಿ ಹಾಕಿದರೆ ಬೆಳಕು ಚದುರಿ, ಮಂಜಿನಲ್ಲಿ ನಮ್ಮ ಕಣ್ಣಿಗೇ ಮರಳುತ್ತದೆ, ಎದುರಿನವರ ಕಣ್ಣನ್ನೂ ಕುಕ್ಕುತ್ತದೆ. ಮೊದಲು ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲೂ ಬಲ್ಬಿನ ಬುಡದಲ್ಲೂ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಅಳೆಯಿರಿ. ಹಳೆಯ ಸ್ವಿಚ್ಚಿನಲ್ಲೂ ತುಕ್ಕುಹಿಡಿದ ಅರ್ತ್ ಬೋಲ್ಟಿನಲ್ಲೂ ಶೇಕಡಾ 10 ವೋಲ್ಟೇಜ್ ಕಳೆದುಹೋದರೆ ಬೆಳಕು ಸುಮಾರು ಶೇಕಡಾ 30 ಕುಗ್ಗುತ್ತದೆ. ಬ್ಯಾಟರಿಯಿಂದ ಫ್ಯೂಸ್ ಮತ್ತು ರಿಲೇ (ಸಣ್ಣ ಪ್ರವಾಹದಿಂದ ದೊಡ್ಡ ಪ್ರವಾಹವನ್ನು ಹರಿಸುವ ಸ್ವಿಚ್) ಮೂಲಕ ದಪ್ಪ ವಯರ್ ಎಳೆದು, 60/55 ವ್ಯಾಟಿನ ಬಲ್ಬನ್ನೇ ಉಳಿಸಿಕೊಂಡರೆ ಸಾಕು.

ಅಗಲವಾದ ಟೈರಿಗೆ ಇಡುವ ಹಣವನ್ನು ಬ್ರೇಕಿಗೆ ಇಡಿ. ಡಾಟ್ 3 ಬ್ರೇಕ್ ದ್ರವ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ತೇವ ಹೀರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಘಾಟಿಯ ಇಳಿಜಾರಿನಲ್ಲಿ ದ್ರವ ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಿ, ಇಳಿಯುವಾಗ ಎರಡನೇ ಗೇರಿನಲ್ಲೇ ಇರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ನೀರು ಸಿಂಪಡಿಸಿ ನೋಡಿದೆ; ನಡುವಿನ ಸಿಲಿಂಡರಿನ ವಯರಿನ ಬುಡದಲ್ಲಿ ನೀಲಿ ಕಿಡಿ ಸ್ಪಷ್ಟವಾಗಿ ಕಂಡಿತು. ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೆ ಎಡಗಡೆಯ ಬಲ್ಬಿನಲ್ಲಿ 11.9 ಮಾತ್ರ ಸಿಕ್ಕಿತು. ಸ್ಕ್ರೂಡ್ರೈವರ್ ಒಂದು ಕಡೆ ಒಳಗೇ ಇಳಿಯಿತು, ಹಾಗಾಗಿ ಜನವರಿಯಲ್ಲಿ ಕಾರನ್ನು ಶಿವಮೊಗ್ಗಕ್ಕೆ ತಂದು ಅಷ್ಟು ಭಾಗವನ್ನು ವೆಲ್ಡ್ ಮಾಡಿಸುತ್ತೇನೆ. ಟೈರಿನ ಆಲೋಚನೆಯನ್ನು ಕೈಬಿಟ್ಟಿದ್ದೇನೆ. ಸದ್ಯಕ್ಕೆ ಕಾರು ಕೊಟ್ಟಿಗೆಯ ಕಡೆಯಿಂದ ಅಂಗಳದ ಮಾಡಿನ ಕೆಳಗೆ ಬಂದಿದೆ.