ಪದಚರ್ಚೆ: ಇಲಿ ಪ್ರಯೋಗದ ಫಲಕಕ್ಕೆ ‘ವ್ಯಸನ’ವೋ ‘ಅವಲಂಬನೆ’ಯೋ?

ಮಾನ್ಯರೇ,

ಇಲಿಗಳ ಮೇಲಿನ ಮಾರ್ಫಿನ್ ಪ್ರಯೋಗವನ್ನು ವಿವರಿಸುವ ನಿಮ್ಮ ಫಲಕದ ಇಂಗ್ಲಿಷ್ ಪದಗಳಿಗೆ ಕನ್ನಡ ಕೇಳಿದ್ದೀರಿ, ಫಲಕ ನಾಳೆಯೇ ಮುದ್ರಣಕ್ಕೆ ಹೋಗಬೇಕೆಂದೂ ಬರೆದಿದ್ದೀರಿ. ಆದ್ದರಿಂದ ಪದಗಳನ್ನು ಮೊದಲೇ ಹೇಳಿಬಿಡುತ್ತೇನೆ. ‘ಅಡಿಕ್ಷನ್’ಗೆ ವ್ಯಸನ, ‘ಡಿಪೆಂಡೆನ್ಸ್’ಗೆ ಅವಲಂಬನೆ, ‘ಸೆಲ್ಫ್ ಅಡ್ಮಿನಿಸ್ಟ್ರೇಷನ್’ಗೆ ಸ್ವಸೇವನೆ ಎಂದಿಡಿ. ಕರಡಿನಲ್ಲಿರುವ ‘ಸ್ವಯಂ ಆಡಳಿತ’ವನ್ನು ಹೊಡೆದುಹಾಕಿ, ಅದು ಪಂಚಾಯಿತಿಗೆ ಸಂಬಂಧಿಸಿದ ಮಾತು.

ಮೊದಲೆರಡಕ್ಕೂ ‘ವ್ಯಸನ’ ಒಂದೇ ಸಾಕೆಂದು ಈ ಚರ್ಚೆಯಲ್ಲಿ ಹಿರಿಯರೊಬ್ಬರು ಹೇಳಿದ್ದನ್ನು ನಾನು ಒಪ್ಪಲಾರೆ. ನಿಮ್ಮ ಫಲಕದಲ್ಲಿರುವ ಪ್ರಯೋಗವನ್ನೇ ನೋಡಿ. 1962ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಅಮೆರಿಕದ ವಿಜ್ಞಾನಿ ಜೇಮ್ಸ್ ವೀಕ್ಸ್ ಇಲಿಗಳ ರಕ್ತನಾಳಕ್ಕೆ ಸಣ್ಣ ಕೊಳವೆ ಕೂಡಿಸಿ, ಅವು ಗೂಡಿನಲ್ಲಿ ಓಡಾಡಿಕೊಂಡಿರುವಾಗಲೇ ಯಂತ್ರದ ಮೂಲಕ ಮಾರ್ಫಿನ್ ಒಳಹೋಗುವಂತೆ ಮಾಡಿ, ಮೈ ಅದಕ್ಕೆ ಒಗ್ಗಿದ ಮೇಲೆ, ಸನ್ನೆಗೋಲನ್ನು ಒತ್ತಿದರೆ ಮಾತ್ರ ಮದ್ದು ಸಿಗುವ ಏರ್ಪಾಡು ಮಾಡಿದರು. ಇಲಿಗಳು ಒತ್ತಿದವು, ಹೀಗೆ ತಾವೇ ಮದ್ದು ಪಡೆಯುವುದೇ ಸ್ವಸೇವನೆ. ಮೈ ಒಗ್ಗಿದ್ದು ಅವಲಂಬನೆ. ಮದ್ದಿಗಾಗಿ ಒತ್ತುತ್ತಲೇ ಹೋಗುವ ನಡವಳಿಕೆಯಲ್ಲಿ ವಿಜ್ಞಾನಿಗಳು ಹುಡುಕುವುದು ವ್ಯಸನವನ್ನು. ಅವಲಂಬನೆಯನ್ನು ಅಳೆಯುವ ಬಗೆಯೇ ಬೇರೆ. ಮಾರ್ಫಿನ್‌ಗೆ ಒಗ್ಗಿದ ಸುಂಡಿಲಿಗೆ, ಮಾರ್ಫಿನ್ನಿನ ಕೆಲಸವನ್ನು ತಡೆದು ಮದ್ದು ತಪ್ಪಿದಾಗಿನ ಬಾಧೆಯನ್ನು ತರುವ ನಲಾಕ್ಸೋನ್ ಚುಚ್ಚಿದರೆ ಅದು ನಿಂತಲ್ಲಿಂದಲೇ ಮತ್ತೆ ಮತ್ತೆ ನೆಗೆಯುತ್ತದೆ. ದೊಡ್ಡ ಇಲಿಯಾದರೆ ನೀರಿನಿಂದ ಎದ್ದುಬಂದ ನಾಯಿಯಂತೆ ಮೈ ಕೊಡವುತ್ತದೆ. ಎಷ್ಟು ಸಲ ನೆಗೆಯಿತು, ಎಷ್ಟು ಸಲ ಕೊಡವಿತು ಎಂಬುದೇ ಅಲ್ಲಿನ ಲೆಕ್ಕ. ನೋವು ತಾಳಲಾರದೆ ವೈದ್ಯರ ಸಲಹೆಯಂತೆ ವಾರಗಟ್ಟಲೆ ಮಾರ್ಫಿನ್ ತೆಗೆದುಕೊಂಡ ಕ್ಯಾನ್ಸರ್ ರೋಗಿಯ ಮೈಯೂ ಹೀಗೆಯೇ ಒಗ್ಗುತ್ತದೆ. ಅವರನ್ನು ವ್ಯಸನಿಯೆನ್ನುವ ಫಲಕವನ್ನು ಅವರ ಮನೆಯವರು ಓದುವಂತಾಗಬಾರದು.

‘ವ್ಯಸನ’ಕ್ಕೆ ದುಃಖವೆಂಬ ಅರ್ಥವೂ ಇದೆಯೆಂಬ ಆಕ್ಷೇಪ ನಿಜವೇ, ಆದರೆ ಸಪ್ತವ್ಯಸನಗಳನ್ನು ಬಲ್ಲ ಓದುಗರಿಗೆ ಗೊಂದಲವಾಗದು. ‘ಚಟ’ ಕಾಫಿಗೂ ಸಲ್ಲುತ್ತದೆ, ಇಲ್ಲಿಗೆ ಅದರ ತೂಕ ಸಾಲದು.

ಮಾರ್ಫಿನ್ ಸೇರಿರುವ ಮದ್ದುಗಳ ವರ್ಗವಾದ ಒಪಿಯಾಯ್ಡ್‌ಗೆ ‘ನಿದ್ದೆಮದ್ದು’ ಎಂಬ ಸಲಹೆ ತಪ್ಪು. ಜನ ಅದನ್ನು ನಿದ್ದೆಮಾತ್ರೆ ಎಂದೇ ತಿಳಿಯುತ್ತಾರೆ. ಅಚ್ಚಗನ್ನಡವೇ ಬೇಕೆಂದು ಹಟ ಹಿಡಿದವರು ಇದನ್ನೂ ಗಮನಿಸಬೇಕು: ಗ್ರೀಕರ ಓಪಿಯಾನ್ ಅರಬ್ಬಿಯಲ್ಲಿ ಅಫ್ಯೂನ್ ಆಗಿ, ನಮ್ಮಲ್ಲಿ ಅಫೀಮಾಗಿ ನೆಲೆಸಿದೆ, ‘ಅಮಲು’ ಕೂಡ ಅರಬ್ಬಿಯಿಂದಲೇ ಬಂದದ್ದು, ಅಮಲ್ದಾರನಲ್ಲಿರುವುದೂ ಅದೇ ಪದ. ಇವೆರಡನ್ನೂ ಬಿಟ್ಟು ಈ ವಿಷಯವನ್ನು ಕನ್ನಡದಲ್ಲಿ ಆಡಿದವರಿಲ್ಲ. ಒಪಿಯಾಯ್ಡ್ ಎಂದೇ ಬರೆದು, ಮೊದಲ ಸಲ ಬಂದಾಗ ‘ಅಫೀಮಿನ ವರ್ಗದ ಮದ್ದು’ ಎಂದು ಸೇರಿಸಿ.

‘ವಿತ್‌ಡ್ರಾಯಲ್’ಗೆ ಬರೆದಿರುವ ‘ಹಿಂತೆಗೆತ’ ಬ್ಯಾಂಕಿನ ಖಾತೆಗೆ ಇರಲಿ. ಇಲ್ಲಿ ‘ಮದ್ದು ತಪ್ಪಿದಾಗಿನ ಬಾಧೆ’ ಎಂದರೆ ಯಾರಿಗೂ ತಿಳಿಯುತ್ತದೆ. ಫಲಕದಲ್ಲಿ ಜಾಗ ಸಾಲದಿದ್ದರೆ ಆ ಸಾಲುಗಳನ್ನು ಕಳುಹಿಸಿ, ಇಂದು ರಾತ್ರಿಯೇ ತಿದ್ದಿ ಕೊಡುತ್ತೇನೆ.